ಸೊನ್ನೆ ಅಂದರೆ ಎಲ್ಲ ಸರಿ

ಮೇಲಧಿಕಾರಿಯ ಕೋಣೆಗೆ ಹೋಗಿ ಬಂದಾಗಲೆಲ್ಲ ಅವಳಿಗೆ ಕೈ ತೊಳೆದುಕೊಳ್ಳಬೇಕು ಅನ್ನಿಸುತ್ತಿತ್ತು. ಮೇಜಿನ ಮೇಲೆ ನಿನ್ನೆ ಮೊನ್ನೆಯ ಚಹಾ ಲೋಟಗಳು, ತಳದಲ್ಲಿ ಒಣಗಿ ಅಂಟಿದ ಕೆನೆ. ಗೋಡೆಯ ಮೇಲಿನ ದೊಡ್ಡ ಪರದೆ ಮಾತ್ರ ಒರೆಸಿ ಒರೆಸಿ ಹೊಳೆಯುತ್ತಿತ್ತು. ಆಸ್ಪತ್ರೆಯ ಒಂದು ವಿಭಾಗದಿಂದ ಇನ್ನೊಂದಕ್ಕೆ ಹೋಗುವ ಪ್ರತಿ ಫೈಲಿಗೂ ಅದರಲ್ಲೊಂದು ದೀಪ. ತಲುಪಿದರೆ ಹಸಿರು, ಇಲ್ಲದಿದ್ದರೆ ಕೆಂಪು. ಮೂರು ವರ್ಷದಿಂದ ಅಲ್ಲಿ ಕೆಂಪು ಕಂಡವರಿಲ್ಲ. ಬಂದವರಿಗೆಲ್ಲ ಅದನ್ನು ತೋರಿಸಿ ಬೀಗುತ್ತಿದ್ದ ಆತನಿಗೆ ಸಿಬ್ಬಂದಿ ಬೆನ್ನ ಹಿಂದೆ ಇಟ್ಟ ಹೆಸರು ಹಸಿರಪ್ಪ.

ಆ ಬೆಳಿಗ್ಗೆ ಹಸಿರಪ್ಪ ಕರೆದು ಹೇಳಿದ್ದು ಇಷ್ಟು. ಕುತ್ತಿಗೆಯಲ್ಲಿ ಗಂಟಾಗಿದ್ದ ಬಸ್ ಚಾಲಕನೊಬ್ಬನ ವರದಿ ಹತ್ತೊಂಬತ್ತು ದಿನವಾದರೂ ವೈದ್ಯರ ಕೈ ಸೇರಿಲ್ಲ. ಯಾರೂ ಕರೆಯಲಿಲ್ಲವಲ್ಲ, ಹೆದರುವಂಥದ್ದೇನೂ ಇಲ್ಲ ಎಂದುಕೊಂಡು ಆತ ದಿನಾ ಬಸ್ಸು ಓಡಿಸಿಕೊಂಡಿದ್ದ. ಈಗ ನೀರೂ ನುಂಗಲಾಗದೆ ವಾರ್ಡಿನಲ್ಲಿ ಮಲಗಿದ್ದಾನೆ. ಪ್ರಯೋಗಾಲಯದ ಹೆಂಗಸು ವರದಿ ಕಳಿಸುವುದನ್ನೇ ಮರೆತಿದ್ದಾಳೆ. ನಾಲ್ಕು ಗಂಟೆಗೆ ವಿಚಾರಣೆ. ಕೆಲಸದಿಂದ ತೆಗೆಯುವ ಪತ್ರ ಆಗಲೇ ಟೈಪ್ ಆಗಿದೆ.

"ನಮ್ಮ ಕಡೆ ಎಲ್ಲಾ ಹಸಿರಿದೆ ಅಂತ ಒಂದು ಪ್ರಿಂಟ್ ತೆಗೆದು ಕೊಡಿ, ಸಾಕು" ಎಂದ.

ಪ್ರಯೋಗಾಲಯದ ಆ ಹೆಂಗಸು ಅವಳ ಸ್ವಂತ ಚಿಕ್ಕಮ್ಮ. ಇಪ್ಪತ್ತಾರು ವರ್ಷ ಸೂಕ್ಷ್ಮದರ್ಶಕದ ಮುಂದೆ ಕೂತು ಕತ್ತು ಬಗ್ಗಿಹೋದವಳು. ಕಳಿಸಿದ ಪ್ರತಿ ವರದಿಯ ಸಾರವನ್ನೂ ರಟ್ಟಿನ ನೋಟ್‌ಬುಕ್ಕಿನಲ್ಲಿ ಕೈಯಾರೆ ಬರೆದಿಡುತ್ತಿದ್ದಳು. ಕಂಪ್ಯೂಟರ್ ಕಾಲದಲ್ಲಿ ಇದೇನು ಹುಚ್ಚು ಎಂದು ಎಲ್ಲರೂ ಆಡಿಕೊಳ್ಳುತ್ತಿದ್ದರು, ಇವಳೂ ಸೇರಿ. ಅಂಥವಳು ಮರೆಯುವುದುಂಟೇ?

ಸೀಟಿಗೆ ಬಂದು ಮಿಡಲ್‌ವೇರ್ ತೆರೆದಳು. ಫೈಲು ಸಾಗಿಸುವ ಈ ನಡುವಿನ ತಂತ್ರಾಂಶವನ್ನು ನೋಡಿಕೊಳ್ಳುವುದೇ ಅವಳ ಕೆಲಸ. ಅದಕ್ಕೆ ಸ್ವಂತ ಕೈಕಾಲಿಲ್ಲ. ಫೈಲು ಬಂತೆಂದರೆ ಸ್ಕ್ರಿಪ್ಟ್ ಒಂದನ್ನು, ಅಂದರೆ ನಾಲ್ಕಾರು ಸಾಲಿನ ಆಜ್ಞೆಗಳ ಚೀಟಿಯನ್ನು, ಓಡಿಸೆಂದು ಸರ್ವರ್‌ನ ಆಪರೇಟಿಂಗ್ ಸಿಸ್ಟಮ್ಮಿಗೆ ಹೇಳಿ ಸುಮ್ಮನಾಗುತ್ತದೆ. ಸ್ಕ್ರಿಪ್ಟ್ ಮುಗಿಯುವಾಗ ಒಂದು ಅಂಕಿ ಹೇಳಿ ಹೋಗಬೇಕು. ಸೊನ್ನೆ ಅಂದರೆ ಎಲ್ಲ ಸರಿ, ಬೇರೇನಾದರೂ ಅಂದರೆ ಕೆಟ್ಟಿದೆ. ಮಿಡಲ್‌ವೇರ್ ಆ ಅಂಕಿಯನ್ನಷ್ಟೇ ನಂಬುತ್ತದೆ, ಫೈಲು ನಿಜಕ್ಕೂ ತಲುಪಿತೇ ಎಂದು ಕಣ್ಣೆತ್ತಿಯೂ ನೋಡುವುದಿಲ್ಲ.

ಹತ್ತೊಂಬತ್ತು ದಿನದ ಹಿಂದಿನ ದಾಖಲೆ ಹುಡುಕಿದಳು. ಚಾಲಕನ ಫೈಲು ಪ್ರಯೋಗಾಲಯದಿಂದ ಬಂದಿತ್ತು. ಸ್ಕ್ರಿಪ್ಟ್ ಓಡಿತ್ತು. ಸೊನ್ನೆ ಎಂದಿತ್ತು. ಆದರೆ ವೈದ್ಯರ ಫೋಲ್ಡರಿನಲ್ಲಿ ಅದರ ಸುಳಿವೇ ಇಲ್ಲ. ಆ ಮಧ್ಯಾಹ್ನ ಅಲ್ಲಿನ ಡಿಸ್ಕ್ ತುಂಬಿಹೋಗಿತ್ತು.

ಅವಳು ಆ ಸ್ಕ್ರಿಪ್ಟನ್ನೇ ತೆರೆದಳು. ಮೊದಲ ಸಾಲು, ಫೈಲನ್ನು ವೈದ್ಯರ ಫೋಲ್ಡರಿಗೆ ನಕಲಿಸು. ಎರಡನೆಯದು, ನಕಲು ಆಗದಿದ್ದರೆ ಅಲ್ಲೇ ನಿಲ್ಲು. ಆದರೆ ಆ ಸಾಲಿನ ಮುಂದೆ ಯಾರೋ ಒಂದು ಗುರುತು ಹಾಕಿ, ಅದು ಓಡದಂತೆ ಬಾಯಿ ಮುಚ್ಚಿಸಿದ್ದರು. ಮೂರನೆಯದು, ಮೂಲ ಫೈಲನ್ನು ಅಳಿಸು. ಕೊನೆಯದು, ಏನೇ ಆಗಿರಲಿ, ಸೊನ್ನೆ ಅನ್ನು.

ತಲುಪದ ವರದಿಯನ್ನು ಅಳಿಸಿ ಹಾಕಿ, ಮೇಲೆ ಎಲ್ಲ ಸರಿ ಎಂದು ಸಾರುವ ಚೀಟಿ. ಇಂಥದ್ದನ್ನು ಬರೆದ ಕೈಗೆ ಹುಳ ಬೀಳ ಎಂದು ಬಾಯಿಬಿಟ್ಟೇ ಶಪಿಸಿದಳು. ಬರೆದವರ ಗುರುತು ಸಿಗಬಹುದೆಂದು ಮೇಲಕ್ಕೆ ಸರಿಸಿದಳು.

ಅಲ್ಲಿ ಮೂರು ವರ್ಷದ ಹಿಂದಿನ ತಾರೀಖಿತ್ತು. 'ಇವತ್ತಿಗೆ ಮಾತ್ರ, ನಾಳೆ ಸರಿ ಮಾಡಬೇಕು' ಎಂಬ ಟಿಪ್ಪಣಿ ಇತ್ತು. ಪಕ್ಕದಲ್ಲಿ ಅವಳದೇ ಲಾಗಿನ್.

ನೆನಪಾಯಿತು. ಆ ದಿನ ಆಡಳಿತ ಮಂಡಳಿಯವರು ಬರುವವರಿದ್ದರು. ಡಿಸ್ಕ್ ತುಂಬಿ ಪರದೆಯ ತುಂಬ ಕೆಂಪು. ಒಂದು ಗಂಟೆಯೊಳಗೆ ಆ ಕೆಂಪು ತೆಗೀರಿ ಎಂದಿದ್ದ ಹಸಿರಪ್ಪ. ತೆಗೆದಿದ್ದಳು. ಸಂಜೆ ಡಿಸ್ಕ್ ಖಾಲಿ ಮಾಡಿ ಮನೆಗೆ ಹೋಗಿದ್ದಳು. ಮರುದಿನ ಪರದೆ ಹಸಿರಾಗಿಯೇ ಇದ್ದುದರಿಂದ ಯಾವುದೂ ನೆನಪಾಗಲಿಲ್ಲ. ಈಗ ಅವಳಿಗೆ ತನ್ನ ಬೆರಳುಗಳನ್ನು ನೋಡಿಕೊಳ್ಳಲೂ ಹೇಸಿಗೆಯಾಯಿತು.

ಮುಚ್ಚಿಡದೆ ಹೋಗಿ ಹಸಿರಪ್ಪನಿಗೆ ಎಲ್ಲ ಹೇಳಿದಳು. ಆತ ಬಿಸ್ಕತ್ತು ಅದ್ದುತ್ತಿದ್ದ. ನೆನೆದ ತುಂಡು ಲೋಟದೊಳಗೆ ಬಿತ್ತು. ಅದನ್ನು ಬೆರಳಲ್ಲೇ ಎತ್ತಿ ಬಾಯಿಗೆ ಹಾಕಿಕೊಂಡ.

"ಆ ಸಾಲು ಈಗಲೇ ಸರಿ ಮಾಡ್ಬಿಡಿ. ಹಳೇದನ್ನ ಯಾರು ನೋಡ್ತಾರೆ? ನಾಲ್ಕು ಗಂಟೆಗೆ ನನಗೆ ಪ್ರಿಂಟ್ ಬೇಕು."

"ಚಿಕ್ಕಮ್ಮನ ಕೆಲಸ ಹೋಗುತ್ತೆ ಸಾರ್."

"ಇನ್ನೆರಡು ವರ್ಷಕ್ಕೆ ಹೇಗಿದ್ರೂ ನಿವೃತ್ತಿ. ನಿಮಗೆ ಇನ್ನೂ ವಯಸ್ಸಿದೆ, ಯೋಚನೆ ಮಾಡಿ." ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡು ಪರದೆಯ ಕಡೆ ತಿರುಗಿದ.

ನಾಲ್ಕಕ್ಕೆ ಅವಳು ಪ್ರಿಂಟ್ ತಂದಳು, ಹಸಿರು ಪರದೆಯದ್ದಲ್ಲ, ಸ್ಕ್ರಿಪ್ಟಿನದು. ಆಡಳಿತ ಮಂಡಳಿಯ ಹಿರಿಯ ವೈದ್ಯೆಯ ಮುಂದೆ ಸಾಲು ಸಾಲಾಗಿ ಓದಿ, ಬರೆದವಳು ನಾನೇ, ಬರೆಸಿದವರು ಇಲ್ಲೇ ಕೂತಿದ್ದಾರೆ ಎಂದಳು. ಹಸಿರಪ್ಪ ಕೆಮ್ಮಿದ. ಮೂರು ವರ್ಷದಲ್ಲಿ ಡಿಸ್ಕ್ ತುಂಬಿದ್ದು ಮೂರು ಸಲ, ಹೀಗೆ ಅಳಿಸಿಹೋದ ವರದಿಗಳು ಹನ್ನೊಂದು ಎಂದೂ ಹೇಳಿದಳು.

"ಉಳಿದ ಹತ್ತು ಜನ ಯಾರು?" ಹಿರಿಯ ವೈದ್ಯೆ ಕೇಳಿದರು.

"ಫೈಲಿನ ನಂಬರ್ ಇದೆ, ಡಾಕ್ಟರೇ. ಯಾರದು, ಏನು ಅಂತ ಚಿಕ್ಕಮ್ಮನ ನೋಟ್‌ಬುಕ್ಕಲ್ಲಿ ಮಾತ್ರ ಸಿಗುತ್ತೆ."

ಚಿಕ್ಕಮ್ಮ ಅದನ್ನು ತೊಡೆಯ ಮೇಲಿಟ್ಟುಕೊಂಡು ಎರಡೂ ಕೈಯಿಂದ ಒತ್ತಿ ಹಿಡಿದಿದ್ದಳು. ವಿಚಾರಣೆ ಶುರುವಾದಾಗಿನಿಂದ ಅದನ್ನು ಒಮ್ಮೆಯೂ ತೆರೆದಿರಲಿಲ್ಲ.

"ನಾನೇ ಓದ್ತೀನಿ. ನೀನು ಬರ್ಕೋ" ಎಂದಳು.

"ಬೇಗ ಆಗಬೇಕು, ಕೊಡಿ ಚಿಕ್ಕಮ್ಮ."

"ಬೇಡ ಕಣೇ."

ಅವಳು ಎಳೆದುಕೊಂಡು ಚಾಲಕನ ಪುಟ ತೆರೆದಳು. ಹೆಸರು, ಗಂಟಿನ ಅಳತೆ, ತುರ್ತು ಎಂಬ ಮಾತು. ಅದರ ಕೆಳಗೆ ಅದೇ ದುಂಡು ಅಕ್ಷರದಲ್ಲಿ ಇನ್ನೊಂದು ಸಾಲು: 'ವೈದ್ಯರಿಗೆ ಸಿಕ್ಕಿಲ್ಲವಂತೆ. ಅಕ್ಕನ ಮಗಳಿಗೆ ಹೋಗಿ ಹೇಳಿದೆ. ಪರದೆ ತೋರಿಸಿ, ಹಸಿರಿದೆಯಲ್ಲ ಚಿಕ್ಕಮ್ಮ, ಅಂದಳು. ನಂಬಿ ಬಂದೆ.'

ಹಿಂದಿನ ಪುಟಗಳನ್ನು ತಿರುವಿದಳು. ಹನ್ನೊಂದು ಕಡೆಯೂ ಅದೇ ಸಾಲಿತ್ತು, ಒಂದೂ ಇವಳಿಗೆ ನೆನಪಿರಲಿಲ್ಲ. ಇದನ್ನು ತೆರೆದಿದ್ದರೆ ಚಿಕ್ಕಮ್ಮ ಬೆಳಿಗ್ಗೆಯೇ ಪಾರಾಗುತ್ತಿದ್ದಳು.

ಚಿಕ್ಕಮ್ಮ ಕಿಟಕಿಯ ಕಡೆ ಮುಖ ತಿರುಗಿಸಿದ್ದಳು. ಇವಳು ಹನ್ನೊಂದರಲ್ಲಿ ಮೊದಲನೆಯ ಪುಟದಿಂದ ಗಟ್ಟಿಯಾಗಿ ಓದತೊಡಗಿದಳು. ರೋಗಿಯ ಹೆಸರು, ಕಾಯಿಲೆ, ಆಮೇಲೆ ತನ್ನ ಮಾತು. ಹನ್ನೊಂದು ಸಲವೂ ಆ ಸಾಲನ್ನು ಬಿಡದೆ ಓದಿದಳು.