ಸಾವಂತ್ರವ್ವ ಕೊಡದ ಉತ್ತರ

ಹೆಂಡತಿಯ ತಂಗಿಯನ್ನು ಚೇಷ್ಟೆ ಮಾಡದವನು ಆ ಮನೆಯ ಅಳಿಯನೇ ಅಲ್ಲ ಎನ್ನುತ್ತಾರೆ ನಮ್ಮ ಕಡೆ. ತಿಕೋಟಾದ ಶಂಕ್ರೆಪ್ಪನಿಗೆ ಆ ಹಕ್ಕು ಮದುವೆಯ ಹಂದರದಲ್ಲೇ ಸಿಕ್ಕಿತ್ತು. ನಾದಿನಿ ಸಾವಂತ್ರವ್ವನೂ ಸುಮ್ಮನಿರುವವಳಲ್ಲ. ಅವನು ಒಂದು ಅಂದರೆ ಅವಳು ಎರಡು ಅನ್ನುವಳು. ನಡುವೆ ಕುಳಿತು ನಗುತ್ತಿದ್ದವಳು ಅವನ ಹೆಂಡತಿ ರಾಚವ್ವ. ಅವಳು ಶಿವನ ಪಾದ ಸೇರಿ ವರ್ಷವಾಯಿತು.

ವರ್ಷದ ಪೂಜೆಗೆಂದು ಸಾವಂತ್ರವ್ವ ಬಬಲೇಶ್ವರದಿಂದ ಬಂದಳು. ಅವಳಿಗೆ ಬಹುಕಾಲದ ಕೀಲುವಾತ. ಬೆರಳ ಗಂಟುಗಳು ಬಾತು ಸೊಟ್ಟಗಾಗಿದ್ದವು. ಆದರೂ ಅಕ್ಕನ ಎಡೆಗೆ ರೊಟ್ಟಿ ತಾನೇ ಬಡಿಯಬೇಕೆಂದು ಹಟ ಹಿಡಿದು ಒಲೆಯ ಮುಂದೆ ಕುಳಿತಳು.

ಜಂಗಮರು ಉಂಡು ಎದ್ದ ಮೇಲೆ ಶಂಕ್ರೆಪ್ಪ ಒಂದು ರೊಟ್ಟಿ ಎತ್ತಿ ಬೆಳಕಿಗೆ ಹಿಡಿದ.

"ಇದೇನ್ ರೊಟ್ಟಿನೋ, ಗೋಳಗುಮ್ಮಟದ ಗ್ವಾಡಿನೋ ಬೇ ಸಾವಂತ್ರಿ? ನಿಮ್ಮಕ್ಕನ ಹೆಸರು ಕಳದಿ ನೋಡು!"

ಅಂದು, ತಿರುಗಿ ಬೀಳಬೇಕಾದ ಮಾತಿಗೆ ಕಾದ. ಮಾತು ಬರಲಿಲ್ಲ. ಸಾವಂತ್ರವ್ವ ಕಂಬಕ್ಕೆ ಒರಗಿ, ಸೆರಗಿನಿಂದ ಹಣೆಯ ಬೆವರು ಒರೆಸಿ, ಸಣ್ಣಗೆ ನಕ್ಕಳು ಅಷ್ಟೇ.

ಗೆದ್ದ ಖುಷಿ ಅವನಿಗೆ ಒಂದು ತುತ್ತು ನುಂಗುವಷ್ಟು ಹೊತ್ತೂ ಉಳಿಯಲಿಲ್ಲ. ಅಕ್ಕ ತೀರಿದ ದಿನ ಬಿಟ್ಟರೆ ಆ ಬಾಯಿ ಎಂದೂ ಸೋತದ್ದಿಲ್ಲ.

"ಯಾಕವಾ, ಆರಾಮ ಇಲ್ಲೇನು?"

"ಏನಿಲ್ರಿ ಮಾಮಾ. ನಾಕ್ ಹೆಜ್ಜಿ ನಡದ್ರ ತೇಕು ಹತ್ತತೈತಿ, ಎಡ ರಟ್ಟಿ ಎಳಿತೈತಿ. ನನ್ನ ವಾತದ್ದ ಕಾಟ. ಎಣ್ಣಿ ತಿಕ್ಕೇನಿ."

"ವಾತ ರಟ್ಟಿ ಹಿಡಿತೈತಿ, ಖರೆ. ಉಸರು ಯಾಕ ಹಿಡಿತೈತಿ? ಏಳು, ವಿಜಯಪುರಕ್ಕ ಹೋಗೂಣು."

"ಅಕ್ಕನ ಪೂಜಿ ದಿನ ದವಾಖಾನಿಗೆ? ಮಂದಿ ಏನಂದಾರು?"

"ಅನ್ಲಿ. ಬರೂ ವರ್ಷ ಅಕ್ಕ-ತಂಗಿ ಇಬ್ಬರದೂ ಕೂಡೇ ಪೂಜಿ ಮಾಡೂ ಶಕ್ತಿ ನನಗಿಲ್ಲ."

ಮಾತು ಚೇಷ್ಟೆಯಂತೆಯೇ ಹೊರಟು ಅರ್ಧ ದಾರಿಯಲ್ಲಿ ನಡುಗಿತು. ಸಾವಂತ್ರವ್ವ ಕಂಬ ಹಿಡಿದು ಎದ್ದಳು. ಬಸ್ಸಿಗೆ ಕಾಯದೆ ಪಕ್ಕದ ಮನೆಯ ಅತೀಕನ ಕಾರಿನಲ್ಲಿ ಹೊರಟರು.

ದವಾಖಾನೆಯಲ್ಲಿ ಪರೀಕ್ಷೆಗಳೆಲ್ಲ ಮುಗಿದ ಮೇಲೆ ಡಾಕ್ಟರ್ ನಾಜಿಯಾ ಹೇಳಿದರು: "ಹೃದಯದ ರಕ್ತನಾಳ ಒಂದು ಇಕ್ಕಟ್ಟಾಗೇತ್ರಿ ಅಜ್ಜಾರ. ಕೀಲುವಾತ ಬರೇ ಕೀಲಿನ ಜಡ್ಡಲ್ರಿ. ಮೈ ಕಾಯೂ ಶಕ್ತಿನ ಮೈಮ್ಯಾಲ ತಿರುಗಿ ಬೀಳತೈತಿ. ಒಳಗಿನ ಆ ಬಾವು ರಕ್ತನಾಳಕ್ಕೂ ಮುಟ್ಟತೈತಿ. ಇಂಥವರಿಗೆ ಹೃದಯದ ಕಾಯಿಲಿ ಅಂಜಿಕಿ ಉಳದವರಕಿಂತ ಹೆಚ್ಚು. ಎಲ್ಲಾ ನೋವೂ ವಾತದ್ದ ಅಂತ ಕೂಡಬಾರದ್ರಿ."

"ಅಂದ್ರ ಮನಿಗೆ ಬಂದ ಕಳ್ಳನ್ನ ಬೀಗರು ಅಂತ ತಿಳದು ಎಣ್ಣಿ ತಿಕ್ಕಿ ಎರದಂಗಾತು!" ಎಂದ ಶಂಕ್ರೆಪ್ಪ. ಡಾಕ್ಟರು ನಕ್ಕರು. ಅವನಿಗೆ ನಗು ಬರಲಿಲ್ಲ.

ನಾಳಕ್ಕೆ ಸ್ಟೆಂಟ್ ಹಾಕಲು ಅವಳನ್ನು ಒಳಗೆ ಒಯ್ದರು. ಶಂಕ್ರೆಪ್ಪ ಹೊರಗಿನ ಬೆಂಚಿನಲ್ಲಿ ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಕುಳಿತ.

"ಯಪ್ಪಾ ಶಿವನ, ಒಬ್ಬಾಕಿನ್ನ ಕರಕೊಂಡಿ. ಈಕಿನ್ನ ಬಿಡು. ಈಕಿ ಬಂದ್ರ ಕೈಲಾಸದಾಗ ನಿನಗೂ ನಿದ್ದಿ ಹತ್ತೂದಿಲ್ಲ."

ಮರುದಿನ ವಾರ್ಡಿನೊಳಗೆ ಬಿಟ್ಟರು. ಸಾವಂತ್ರವ್ವ ಕಣ್ಣು ಮುಚ್ಚಿ ಮಲಗಿದ್ದಳು. ಅವನು ಮೆಲ್ಲಗೆ ಸ್ಟೂಲು ಎಳೆದುಕೊಂಡ.

"ಮಾಮಾ," ಎಂದಳು, ಕಣ್ಣು ತೆರೆಯದೆಯೇ. "ರೊಟ್ಟಿ ದಪ್ಪ ಇರಲಿಲ್ರಿ. ಬೊಚ್ಚಬಾಯಿಗೆ ಹಪ್ಪಳಾನೂ ಗ್ವಾಡಿನ."

ಶಂಕ್ರೆಪ್ಪ ರೂಢಿಯಂತೆ ಪಕ್ಕಕ್ಕೆ ತಿರುಗಿ ನೋಡಿದ. ನಡುವೆ ಕುಳಿತು ನಗುವವಳು ಅಲ್ಲಿರಲಿಲ್ಲ. ಅವಳ ಪಾಲಿನದನ್ನೂ ಸೇರಿಸಿ ತಾನೇ ನಕ್ಕ. ನರ್ಸಮ್ಮ ಬಂದು ಗದರಿಸುವವರೆಗೂ ನಕ್ಕ.