ಹುಡುಗಿಯ ಅಣ್ಣ ಹೇಗೆ?

ಹೆಣ್ಣು ನೋಡುವ ಮೊದಲು ಬೀದಿಯನ್ನು ಕೇಳುವುದು ಕೃಷ್ಣಮೂರ್ತಿಪುರಂನಲ್ಲಿ ಎಲ್ಲರಿಗೂ ಗೊತ್ತಿದ್ದ ಕ್ರಮ. ಗಂಡಿನ ಕಡೆಯವರೊಬ್ಬರು ಹೆಣ್ಣಿನ ಮನೆಗೆ ತಿಳಿಸದೆ ಬಂದು, ದಿನಸಿ ಅಂಗಡಿಯಲ್ಲಿ ಅರ್ಧ ಕಿಲೋ ಸಕ್ಕರೆ ಕಟ್ಟಿಸಿಕೊಳ್ಳುತ್ತಲೋ, ನಲ್ಲಿಯ ಹತ್ತಿರ ನಿಂತವರನ್ನು ಮಾತಿಗೆಳೆಯುತ್ತಲೋ, ಆ ಮನೆಯವರು ಹೇಗೆ ಎಂದು ವಿಚಾರಿಸಿ ಹೋಗುತ್ತಿದ್ದರು. ಹಾಗೆ ವಿಚಾರಿಸಿ ಹೋದ ಎರಡು ಸಂಬಂಧಗಳು ಬಿಂದುಶ್ರೀಯ ಮನೆಯ ಮೆಟ್ಟಿಲನ್ನೇ ಹತ್ತಲಿಲ್ಲ. ಅವಳ ಮೇಲೆ ಯಾರೂ ಒಂದು ಮಾತು ಆಡಿರಲಿಲ್ಲ. ಆಡಿದ್ದೆಲ್ಲ ಅವಳ ಅಣ್ಣ ಮಹೇಶನ ಮೇಲೆ.

ಮೂರನೆಯ ಸಂಬಂಧ ದಟ್ಟಗಳ್ಳಿಯದು. ಭಾನುವಾರ ಬರುತ್ತೇವೆಂದು ಹೇಳಿಕಳಿಸಿದ್ದರು. ಬುಧವಾರ ಬೆಳಿಗ್ಗೆ ಬುತ್ತಿ ಕೊಡುವಾಗ ತಾಯಿ ಸರ್ವಮಂಗಳಮ್ಮ ಮಗನ ಮುಖ ನೋಡದೆ ಹೇಳಿದಳು.

"ಭಾನುವಾರ ನೀನು ಅಂಗಡೀಲೇ ಇದ್ದುಬುಡು ಕಣೋ. ಅವರು ಹೋದ್ಮೇಲೆ ಬರುವಂತೆ."

"ಯಾಕೆ, ಕಚ್ಚಿಬುಡ್ತೀನಾ?"

"ನೋಡು, ಇದಕ್ಕೇ ಹೇಳಿದ್ದು."

ಮಹೇಶನ ಸೈಕಲ್ ಅಂಗಡಿ ಮನೆಯಿಂದ ಎರಡು ಬೀದಿ ಆಚೆ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟು, ಅಪ್ಪ ಸತ್ತ ಮೇಲೆ ಅಲ್ಲೇ ಕೂತವನು. ಈಗ ಇಪ್ಪತ್ತೇಳು. ಅವನಿಗೆ ಸಿಟ್ಟು ಬರುತ್ತಿದ್ದುದು ಸುಳ್ಳಲ್ಲ. ಹೋದ ವರ್ಷ ಎದುರು ಮನೆಯ ಸುಂದರೇಶ ನಾಲ್ಕು ಜನರ ಮುಂದೆ "ಎಂಟನೇ ಕ್ಲಾಸಿಗೆ ಇಷ್ಟು ಕೊಬ್ಬಾ?" ಅಂದಿದ್ದಕ್ಕೆ ಅವನ ಹೊಸ ಸೈಕಲ್ಲನ್ನು ಎತ್ತಿ ಮೋರಿಗೆ ಎಸೆದಿದ್ದ. ಮಾರನೆಯ ದಿನ ತಾನೇ ಮೋರಿಗಿಳಿದು ಎತ್ತಿ, ತೊಳೆದು, ಸೊಟ್ಟಗಾದ ಚಕ್ರ ನೆಟ್ಟಗೆ ಮಾಡಿ ಸುಂದರೇಶನ ಗೇಟಿಗೆ ಒರಗಿಸಿ ಬಂದಿದ್ದ. ಎಸೆದದ್ದನ್ನು ಬೀದಿಯೆಲ್ಲ ನೋಡಿತ್ತು. ಒರಗಿಸಿದ್ದು ಯಾರ ಕಣ್ಣಿಗೂ ಬೀಳಲಿಲ್ಲ.

ಆ ಬುಧವಾರ ಹನ್ನೊಂದು ಗಂಟೆಗೆ, ಹಣೆಯ ತುಂಬ ವಿಭೂತಿ ಬಳಿದ ಯಜಮಾನರೊಬ್ಬರು ಪಂಕ್ಚರ್ ಆದ ಸೈಕಲ್ಲನ್ನು ತಳ್ಳಿಕೊಂಡು ಬಂದರು. ಮಹೇಶ ಟೈರು ಬಿಚ್ಚಿ, ಟ್ಯೂಬಿಗೆ ಗಾಳಿ ಹೊಡೆದು, ನೀರಿನ ಬಾಣಲೆಯಲ್ಲಿ ಅದ್ದಿ ಗುಳ್ಳೆ ಬರುವ ಜಾಗ ಹುಡುಕಿದ. ಯಜಮಾನರು ಸ್ಟೂಲಿನ ಮೇಲೆ ಕೂತು ಶಲ್ಯದಿಂದ ಮುಖ ಒರೆಸಿಕೊಂಡರು.

"ಇಲ್ಲಿ ಚನ್ನಬಸಪ್ಪನವರ ಮನೆ ಗೊತ್ತೇನಪ್ಪ? ತೀರಿಹೋದ್ರಲ್ಲ, ಅವರದು."

ಚನ್ನಬಸಪ್ಪ ಮಹೇಶನ ಅಪ್ಪ. ಮಹೇಶನ ಕೈ ನೀರಿನಲ್ಲೇ ನಿಂತಿತು.

"ಗೊತ್ತು, ಹೇಳಿ."

"ನಾನು ಶಿವಮಲ್ಲಪ್ಪ ಅಂತ, ದಟ್ಟಗಳ್ಳಿಯಿಂದ ಬಂದೆ. ನಮ್ಮ ಚಿಕ್ಕ ಹುಡುಗನಿಗೆ ಅಲ್ಲಿ ಹೆಣ್ಣು ಕೇಳ್ತಿದೀವಿ. ಹುಡುಗಿ ಚಿನ್ನ ಅಂತಾರೆ ಎಲ್ಲಾರೂ. ಆದ್ರೆ ಅವಳಣ್ಣ ಒಬ್ಬ ಇದಾನಂತಲ್ಲ?"

ಮಹೇಶ ಟ್ಯೂಬನ್ನು ಒರೆಸಿ, ತೂತಿನ ಸುತ್ತ ಉಪ್ಪುಕಾಗದದಿಂದ ಉಜ್ಜತೊಡಗಿದ. "ಏನಂತೆ ಅವನದು?"

"ದಿನಸಿ ಅಂಗಡಿಯವನು ಮುಂಗೋಪಿ ಅಂದ. ನಲ್ಲಿ ಹತ್ರ ನೀಲಮ್ಮ ಅನ್ನೋ ಹೆಂಗಸು, 'ಅಯ್ಯೋ, ಅರೆಹುಚ್ಚ ಕಣ್ರೀ, ತಲೆ ಒಂದ್ಸಲ ಇದ್ರೆ ಒಂದ್ಸಲ ಇರಕಿಲ್ಲ' ಅಂದ್ಲು. ಪ್ಯಾಂಟು ಹಾಕಿದ್ದ ಒಬ್ಬ ಸಾಹೇಬ್ರು, ಅದೇನೋ ಸೈಕೋ ಅಂದ್ರು. ಹಂಗಂದ್ರೇನಪ್ಪ?"

"ಕೇಬಲ್ ಟೀವಿ ಬಂದ್ಮೇಲೆ ಬಂದ ಮಾತು. ಕೊಲೆ ಮಾಡಿ ನಗ್ತಿರ್ತಾನಲ್ಲ, ಅವನು."

"ಶಿವಶಿವಾ! ಕೊಲೆ ಮಾಡಿದಾನಾ?"

"ಸೈಕಲ್ಲನ್ನ ಮೋರಿಗೆ ಹಾಕಿದಾನೆ."

ಶಿವಮಲ್ಲಪ್ಪ ನಕ್ಕರು. ಆಮೇಲೆ ಮಹೇಶನ ಕೈ ನೋಡಿ, "ಆ ಟ್ಯೂಬು ನಿನಗೇನು ಮಾಡಿತ್ತಪ್ಪ?" ಅಂದರು.

ಮಹೇಶ ಕೆಳಗೆ ನೋಡಿದ. ಉಜ್ಜಿ ಉಜ್ಜಿ ರಬ್ಬರು ತೆಳ್ಳಗಾಗಿ, ಸೂಜಿಮೊನೆಯಷ್ಟಿದ್ದ ತೂತು ಹೆಬ್ಬೆರಳು ತೂರುವಷ್ಟು ಹರಿದಿತ್ತು. ಗೂಡಿನಿಂದ ಹೊಸ ಟ್ಯೂಬು ತೆಗೆದ. ಎದ್ದುಹೋಗಿ ನೀಲಮ್ಮನ ಕೊಡ ಒದೆಯಬೇಕು, ಪ್ಯಾಂಟಿನ ಸಾಹೇಬನನ್ನು ಹುಡುಕಬೇಕು ಅನ್ನಿಸಿತು. ಆದರೆ ಈ ಮನುಷ್ಯ ಹಾಗೇ ಎದ್ದುಹೋದರೆ ಬಿಂದುವಿನ ಮೂರನೆಯದೂ ಹೋಯಿತು. ಅವಳಿಗೆ ಆಗಲೇ ಇಪ್ಪತ್ತೈದು. ಅಣ್ಣ ಎನ್ನುವವನೊಬ್ಬ ಇಲ್ಲದಿದ್ದರೆ ಎಲ್ಲವೂ ಸಲೀಸು.

"ಅವನ ಚಿಂತೆ ಬುಡಿ ಯಜಮಾನ್ರೇ," ಅಂದ. "ಅವನು ಈಗ ಆ ಮನೇಲಿಲ್ಲ. ತಾಯಿ, ಮಗಳು ಸೇರಿ ಹೊರಗೆ ಹಾಕಿದ್ರು. ಆರು ತಿಂಗಳಾಯ್ತು."

ಶಿವಮಲ್ಲಪ್ಪನವರ ಮುಖ ಹಗುರಾಗುತ್ತದೆ ಎಂದು ಅವನು ಕಾದ. ಅದು ಬಾಡಿತು.

"ಹೊರಗೆ ಹಾಕಿದ್ರಾ? ಆ ಹುಡುಗೀನೂ ಒಪ್ಪಿದ್ಲಾ?"

"ಹೂಂ."

"ಹಂಗಾದ್ರೆ ಬ್ಯಾಡ ಬುಡಪ್ಪ." ಅವರು ಎದ್ದು ಶಲ್ಯ ಕೊಡವಿದರು. "ನಾನು ಇಷ್ಟು ದೂರ ಬಂದಿದ್ದೇ ಆ ಅಣ್ಣನ ವಿಷಯ ಕೇಳಿ. ನಮ್ಮ ಮನೇಲೂ ಒಬ್ಬ ಇದಾನೆ. ದೊಡ್ಡ ಮಗ, ಮೃತ್ಯುಂಜಯ. ಒಂಬತ್ತು ವರ್ಷದಿಂದ ಮಾತ್ರೆ ನುಂಗ್ತಾನೆ. ಸುಮ್ಮನೆ ಕೂತಿರ್ತಾನೆ, ಒಂದೊಂದ್ಸಲ ಗೋಡೆಗೆ ಬೈತಾನೆ. ಹೋದ ಸಲ ಹೆಣ್ಣಿನವರು, 'ಮದುವೆ ಮುಗಿಯೋವರೆಗೂ ಅವನನ್ನ ಎಲ್ಲಾದ್ರೂ ಇಡಿ' ಅಂದ್ರು. ನಾನೇ ಬ್ಯಾಡ ಅಂದೆ."

ಮಹೇಶ ಪಂಪನ್ನು ಕೆಳಗಿಟ್ಟ. ಈಗ ಬಂದ ಸಿಟ್ಟು ಬೇರೆ ಕಡೆಯದು.

"ಅಂದ್ರೆ ಅವನನ್ನ ನೋಡಿಕೊಳ್ಳೋಕೆ ಆಳು ಹುಡುಕ್ತಿದೀರಾ?"

"ನೋಡಿಕೊಳ್ಳೋಕೆ ನಾನಿದೀನಿ, ಅವರವ್ವ ಇದಾಳೆ. ಬರೋ ಹುಡುಗಿ ಅವನು ಊಟಕ್ಕೆ ಕೂತಾಗ ತಟ್ಟೆ ಎತ್ತಿಕೊಂಡು ಎದ್ದು ಹೋಗಬಾರದು. ಅಷ್ಟೇ ಕಣಪ್ಪ."

"ನಿಮ್ಮ ಬೀದೀಲಿ ಅವನಿಗೇನಂತಾರೆ?"

"ನೀನು ಕೇಳಿರೋದೆಲ್ಲ ಅಂತಾರೆ."

"ಮನೇಲಿ?"

"ಮನೇಲಿ ಮೃತ್ಯು ಅಂತೀವಿ. ಇನ್ನೇನಂತಾರೆ?"

ಬಿಂದು ದಿನಾ ಸಂಜೆ ಅಣ್ಣನ ತಟ್ಟೆಯ ಪಕ್ಕದಲ್ಲೇ ತನ್ನ ತಟ್ಟೆ ಹಾಕಿಕೊಂಡು ಊಟಕ್ಕೆ ಕೂರುವುದು ಮಹೇಶನಿಗೆ ನೆನಪಾಯಿತು. ಎರಡು ಸಂಬಂಧ ತಪ್ಪಿದ ದಿನಗಳಲ್ಲೂ ಅವಳು ಅಲ್ಲೇ ಕೂತಿದ್ದಳು. ಅಂಥವಳನ್ನು, ಅಣ್ಣನನ್ನು ಹೊರಗೆ ಹಾಕಿದವಳು ಎಂದುಬಿಟ್ಟಿದ್ದ.

"ಯಜಮಾನ್ರೇ, ಸುಳ್ಳು ಹೇಳ್ದೆ. ಅವರು ಯಾರನ್ನೂ ಹೊರಗೆ ಹಾಕಿಲ್ಲ. ಆ ಅಣ್ಣ ನಾನೇ. ಮಹೇಶ."

ಶಿವಮಲ್ಲಪ್ಪ ಅವನನ್ನು ನೋಡಿದರು, ಹರಿದ ಟ್ಯೂಬನ್ನು ನೋಡಿದರು, ಮತ್ತೆ ಸ್ಟೂಲಿನ ಮೇಲೆ ಕೂತರು.

"ಮಾತ್ರೆ ಏನಾದ್ರೂ ತಗೋತೀಯಾ?"

"ಇಲ್ಲ. ನಂಗೆ ಬರೀ ಸಿಟ್ಟು."

"ಬರೀ ಸಿಟ್ಟಾ?" ಅವರಿಗೆ ತುಸು ನಿರಾಸೆಯಾದಂತೆಯೇ ಇತ್ತು. "ಅಷ್ಟಕ್ಕೇ ಊರೆಲ್ಲ ಇಷ್ಟು ಹೆಸರಿಟ್ರಾ?"

ಮಹೇಶನಿಗೆ ನಗು ಬಂತು. ಹೊಸ ಟ್ಯೂಬು ಕೂರಿಸಿ, ಗಾಳಿ ಹೊಡೆದು, ಟೈರನ್ನು ಹೆಬ್ಬೆರಳಿಂದ ಅದುಮಿ ನೋಡಿದ.

"ಬಿಂದೂಗೆ ನಿಮ್ಮ ದೊಡ್ಡ ಮಗನ ವಿಷಯ ಎಲ್ಲಾ ಹೇಳ್ತೀನಿ. ಒಪ್ಪೋದು, ಬಿಡೋದು ಅವಳಿಗೆ ಸೇರಿದ್ದು."

"ಹೇಳು. ಭಾನುವಾರ ಅವನನ್ನೂ ಕರ್ಕೊಂಡೇ ಬರ್ತೀನಿ." ಅವರು ಸೈಕಲ್ ಹತ್ತಿ ಒಂದು ಕಾಲನ್ನು ನೆಲಕ್ಕೆ ಊರಿದರು. "ನೀನೂ ಮನೇಲಿರಬೇಕು."

ಸಂಜೆ ಬಿಂದು ಎಲ್ಲವನ್ನೂ ಕೇಳಿಸಿಕೊಂಡಳು. ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ. "ಮೊದ್ಲು ಬರಲಿ, ನೋಡೋಣ," ಎಂದಷ್ಟೇ ಅಂದಳು. ಸರ್ವಮಂಗಳಮ್ಮ ಭಾನುವಾರಕ್ಕೆ ತಟ್ಟೆಗಳನ್ನು ಎಣಿಸಿ ತೆಗೆದಿಡುತ್ತಿದ್ದಳು.

"ಇನ್ನೂ ಎರಡು ತೆಗಿ ಕಣಮ್ಮ," ಅಂದ ಮಹೇಶ. "ಅವರ ಮೃತ್ಯುಂಜಯನದು ಒಂದು, ನನ್ನದು ಒಂದು."