ಗ್ರೀಕ್ ದೇವಿಯ ಮೂಗು

ಮಾಲೂರಿಗೆ ಹೋಗಿ ಡ್ರಾಯಿಂಗ್ ಶೀಟು ತಂದು ಮನೆಯೊಳಗೆ ಕಾಲಿಟ್ಟ ಶ್ಯಾಮಲಳಿಗೆ ಮೊದಲು ಕಂಡದ್ದೇ ಮೂಗು. ಬೆಳಿಗ್ಗೆ ಅವಳು ಹೊರಟಾಗ ಪಡಸಾಲೆಯಲ್ಲಿದ್ದ ಗ್ರೀಕ್ ದೇವಿಯ ತಲೆಗೆ ಮೂಗಿರಲಿಲ್ಲ. ಈಗ ಇತ್ತು. ಅದೂ ಎಂಥ ಮೂಗು! ನೀಳವಾಗಿ, ಎಳ್ಳಿನ ಹೂವಿನ ಹಾಗೆ ತುದಿ ತುಸು ಅರಳಿ, ಎಡಗಡೆ ಮೂಗುಬೊಟ್ಟಿಗೆಂದು ಸಣ್ಣ ತೂತಿನ ಸಮೇತ. ಸಾಲದ್ದಕ್ಕೆ ಹಣೆಯಲ್ಲಿ ಕಾಸಗಲ ಕುಂಕುಮ.

"ಅಮ್ಮಾ, ಇದನ್ನ ಯಾರು ಮುಟ್ಟಿದ್ದು?"

ಒಳಗೆ ರಾಗಿ ಕೇರುತ್ತಿದ್ದ ಗಂಗರತ್ನಮ್ಮ ಮೊರ ಕೆಳಗಿಡಲಿಲ್ಲ. "ಕುಂಕುಮ ನಾನಿಟ್ಟಿದ್ದು ಕಣೇ. ಮೂಗು ನಿಮ್ಮಪ್ಪಂದು. ಮುಖ ಪೂರ್ತಿ ಆದ್ಮೇಲೆ ಹಣೆ ಬರಿದಾಗಿ ಬಿಡೋಕಾಗುತ್ತಾ?"

ಆ ತಲೆ ಕಲ್ಲಿನದಲ್ಲ. ಯಾವ ಕಾಲದಲ್ಲೋ ಹೊರದೇಶದಿಂದ ಬಂದ, ಮೂಲ ಶಿಲ್ಪದ ಮುರುಕನ್ನೂ ಹಾಗೇ ಇಳಿಸಿಕೊಂಡ ಪ್ಲಾಸ್ಟರಿನ ಅಚ್ಚು. ಶ್ಯಾಮಲ ಎಂ.ಎ. ಓದುತ್ತಿದ್ದ ಬೆಂಗಳೂರಿನ ಇತಿಹಾಸ ವಿಭಾಗದ ಸ್ವತ್ತು. ಹಳೆಯ ಗ್ರೀಕ್ ಶಿಲ್ಪಗಳು ಎಲ್ಲಿ ಒಡೆದಿವೆ, ಒಡೆದ ಗುರುತು ನೋಡಿ ಅವಕ್ಕೆ ಏನಾಗಿತ್ತೆಂದು ಹೇಗೆ ಹೇಳಬಹುದು ಎಂಬುದೇ ಅವಳ ಪ್ರಬಂಧ. ಆ ಮುರಿದ ಮೂಗಿನ ಚಿತ್ರವನ್ನು ಅವಳು ಇವತ್ತು ಕೂತು ಬರೆಯಬೇಕಿತ್ತು. ವಿಭಾಗದ ಭಾರತಮ್ಮ ಮೇಡಂ ಅದನ್ನು ಸುಲಭವಾಗಿ ಕೊಟ್ಟವರೇ ಅಲ್ಲ. "ಹೋದ ಹಾಗೇ ವಾಪಸ್ ಬರಬೇಕು. ಒಂದು ಗೀರು ಬಿದ್ದರೂ ನಿನ್ನ ಪ್ರಬಂಧಕ್ಕೆ ನಾನು ಸಹಿ ಹಾಕೋದಿಲ್ಲ" ಎಂದೇ ಕೊಟ್ಟಿದ್ದರು. ಅವರ ಸಹಿ ಇಲ್ಲದೆ ಪರೀಕ್ಷೆಗೆ ಕೂರುವಂತಿಲ್ಲ. ಅಲ್ಲಿಗೆ ಈ ತನಕದ ಓದೆಲ್ಲ ಹೊಳೆಯಲ್ಲಿ ಹುಣಿಸೆಹಣ್ಣು ಕಿವುಚಿದಂತೆ.

ಅವಳು ತಲೆಯನ್ನು ಅಲ್ಲೇ ಬಿಟ್ಟು ಹಿತ್ತಲ ಚಪ್ಪರಕ್ಕೆ ನಡೆದಳು. ಶಿವಾರಪಟ್ಟಣದಲ್ಲಿ ಯಾವ ಚಪ್ಪರಕ್ಕೆ ಹೋದರೂ ಉಳಿಯ ಸದ್ದೇ. ಅಪ್ಪ ಕೋದಂಡಾಚಾರಿ ಒಂದು ಆಂಜನೇಯನ ಬಾಲ ತೀಡುತ್ತ ಕೂತಿದ್ದ.

"ಅಪ್ಪ, ಯಾಕೆ ಹಿಂಗ್ ಮಾಡ್ದೆ?"

"ಗೌನಿಪಲ್ಲಿ ಚಿಕ್ಕವೆಂಕಟಪ್ಪ ಬಂದಿದ್ದ, ಅವರೂರಿನ ಈ ಸ್ವಾಮೀನ ತಗೊಂಡು ಹೋಗೋಕೆ. ಪಡಸಾಲೇಲಿ ಆ ಮುಖ ನೋಡ್ದ. 'ಏಮಿ ಆಚಾರಿ, ಮೂಗು ಮುರಿದು ಭಿನ್ನವಾಗಿರೋದನ್ನ ಮನೇಲಿಟ್ಕೊಂಡು ನಮಗೆ ದೇವರು ಮಾಡ್ಕೊಡ್ತೀಯಾ' ಅಂದ. ಖಾಲಿ ಗಾಡಿ ತಿರುಗಿಸ್ಕೊಂಡು ಹೋದ. ನಾಳೆ ಮತ್ತೆ ಬಾರಪ್ಪ ಅಂತ ಕೈಮುಗಿದು ಕಳಿಸಿದೀನಿ."

"ನಾಳೆ ಮೊದಲನೇ ಬಸ್ಸಿಗೆ ನಾನೂ ಹೋಗ್ತಿದ್ದೆ, ಅದೂ ಹೋಗ್ತಿತ್ತು. ಒಂದು ದಿನ ಗೋಣಿಚೀಲ ಮುಚ್ಚಿಡೋಕೆ ಆಗ್ಲಿಲ್ವಾ?"

"ಮುಚ್ಚಿಟ್ರೆ ಮೂಗು ಬರುತ್ತಾ?"

ಶ್ಯಾಮಲಳಿಗೆ ಗೋಡೆಗೆ ತಲೆ ಚಚ್ಚಿಕೊಳ್ಳಬೇಕೆನಿಸಿತು. ಊರಿಗೆ ಬಂದ ದಿನದಿಂದ ಅದನ್ನು ಯಾರೂ ಮುಟ್ಟಬಾರದೆಂದು ಹೇಳಿ ಹೇಳಿ ಅವಳ ಬಾಯಿ ಒಣಗಿತ್ತು. ಅಪ್ಪ ಹೂಂಗುಟ್ಟಿಯೂ ಇದ್ದ. "ಅದು ದೇವರಲ್ಲಪ್ಪ, ಪಾಠದ ಸಾಮಾನು."

"ದೇವಿ ಅಂತ ನೀನೇ ಅಂದಿದ್ದೆ."

"ಅವರ ದೇವಿ. ಈಗ ಅವಳಿಗೆ ಪೂಜೆ ಮಾಡೋರು ಯಾರೂ ಇಲ್ಲ."

"ಮೂಗಿಲ್ದೆ ಇದ್ರೆ ಯಾರು ಮಾಡ್ತಾರೆ, ಪಾಪ."

"ಮುರಿದಿದ್ದು ಮುರಿದ ಹಂಗೇ ಇರ್ಬೇಕು. ನಾನು ಓದ್ತಿರೋದೇ ಅದನ್ನ."

"ಮುರಿದಿದ್ದನ್ನ ಓದೋಕೆ ಬೆಂಗಳೂರಿಗೆ ಹೋಗ್ಬೇಕಿತ್ತೇನೇ? ನಮ್ಮ ಕೆರೇಲೇ ಭಿನ್ನವಾದ ವಿಗ್ರಹ ಬೇಕಾದಷ್ಟು ಮುಳುಗಿಸಿದೀವಿ."

ಅವಳಿಗೆ ಅಳು ನುಗ್ಗಿ ಬಂತು. "ಮೇಡಂ ಸಹಿ ಹಾಕೋದಿಲ್ಲ ಅಪ್ಪ. ನನ್ನ ಓದು ಇಲ್ಲಿಗೆ ಮುಗಿಯುತ್ತೆ. ದಮ್ಮಯ್ಯ ಅಂತೀನಿ, ತೆಗೆದುಬಿಡು."

ಆಚಾರಿ ಉಳಿ ಕೆಳಗಿಟ್ಟ. ಮಗಳ ಮುಖ ನೋಡಿದ, ತನ್ನ ಕೈ ನೋಡಿಕೊಂಡ. "ಇಟ್ಟ ಮೂಗನ್ನ ಒಡೆಯೋಕೆ ಈ ಕೈ ಏಳೋದಿಲ್ಲ ಕಣಮ್ಮ. ಎಷ್ಟು ಚೆನ್ನಾಗಿ ಬಂದಿದೆ ನೋಡು. ನಿಮ್ಮ ಮೇಡಮ್ಮೂ ಮೆಚ್ಕೋತಾರೆ."

ಚೆನ್ನಾಗಿ ಬಂದಿತ್ತು ಎಂಬುದೇ ಅವಳನ್ನು ಇನ್ನಷ್ಟು ಉರಿಸಿತು. ಹಳೆಯದಕ್ಕೂ ಹೊಸದಕ್ಕೂ ನಡುವೆ ಬೆಸುಗೆ ಎಲ್ಲಿದೆಯೆಂದು ಬೆರಳಾಡಿಸಿ ಹುಡುಕಬೇಕಿತ್ತು. ಅವಳು ಅಪ್ಪನ ಪಕ್ಕದಿಂದ ಅತಿ ಸಣ್ಣ ಉಳಿಯನ್ನೂ ಸುತ್ತಿಗೆಯನ್ನೂ ಎತ್ತಿಕೊಂಡು ಒಳಗೆ ಹೋದಳು. ಆ ಮನೆಯಲ್ಲಿ ಹೆಣ್ಣುಮಕ್ಕಳು ಉಳಿ ಮುಟ್ಟಿದವರಲ್ಲ.

ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಕುಂಕುಮ ಹೋಯಿತು, ನಸುಗೆಂಪು ಉಳಿಯಿತು. "ಬೇಡ ಕಣೇ, ಒಳ್ಳೇದಾಗಲ್ಲ" ಎಂದು ಗಂಗರತ್ನಮ್ಮ ಬಾಗಿಲಲ್ಲಿ ನಿಂತು ಹೇಳಿದಳು. ಶ್ಯಾಮಲ ಕಿವಿಗೆ ಹಾಕಿಕೊಳ್ಳಲಿಲ್ಲ. ತಲೆಯನ್ನು ಗೋಡೆಗೆ ಆನಿಸಿ, ಮೂಗಿನ ಬುಡಕ್ಕೆ ಉಳಿ ಕೊಟ್ಟು ಒಂದೇಟು ಹಾಕಿದಳು. ತಲೆ ವಾಲಿತು, ಉಳಿ ಜಾರಿ ಅವಳದೇ ಹೆಬ್ಬೆರಳು ತರಚಿತು. ಇನ್ನೊಮ್ಮೆ ಹೀಗೆ ಜಾರಿದರೆ ಕೆನ್ನೆಯೂ ಇಲ್ಲ, ಪ್ರಬಂಧವೂ ಇಲ್ಲ. ಅವಳು ಉಳಿಯನ್ನು ಮತ್ತೆ ಮೂಗಿನ ಬುಡಕ್ಕೆ ಒತ್ತಿದಳು.

"ಹಂಗೆ ನೆಟ್ಟಗೆ ಹಿಡಿದ್ರೆ ಹಳೇದೂ ಕಿತ್ಕೊಂಡು ಬರುತ್ತೆ. ಓರೆ ಮಾಡು."

ಅಪ್ಪ ಯಾವಾಗ ಒಳಗೆ ಬಂದಿದ್ದನೋ. ಅವನು ಚಕ್ಕಳಮಕ್ಕಳ ಹಾಕಿ ಕೂತು, ದೇವಿಯ ತಲೆಯನ್ನು ಮಡಿಲಿಗೆ ಎಳೆದುಕೊಂಡ. ಒಂದು ಕೈ ಗಲ್ಲದ ಕೆಳಗೆ, ಇನ್ನೊಂದು ನೆತ್ತಿಯ ಮೇಲೆ. ಕಿವಿ ಚುಚ್ಚಿಸುವಾಗ ಮಗುವನ್ನು ಹಿಡಿಯುವ ಹಾಗೆ ಬಿಗಿಯಾಗಿ ಹಿಡಿದ.

"ನಾಳೆ ಚಿಕ್ಕವೆಂಕಟಪ್ಪ ಬಂದ್ರೆ?" ಎಂದಳು ಶ್ಯಾಮಲ. ದನಿ ಇಳಿದಿತ್ತು.

"ಬಂದಾಗ ನೋಡ್ಕೊಳ್ಳೋಣ. ಪ್ಲಾಸ್ಟರ್ ಇನ್ನೂ ಹಸಿ ಇದೆ. ಮೇಲಿಂದ ಕೆಳಕ್ಕೆ, ಒಂದೇ ಏಟು. ಹೂಂ, ಹೊಡಿ."

ಅಷ್ಟು ಹೇಳಿ ಅವನು ಮುಖ ಪಕ್ಕಕ್ಕೆ ತಿರುಗಿಸಿ ಕಣ್ಣು ಮುಚ್ಚಿಕೊಂಡ. ಅವಳು ಹೊಡೆದಳು. ಮೂಗು ಇಡಿಯಾಗಿ ಬಿಟ್ಟುಕೊಂಡು ಅವನ ಪಂಚೆಯ ಮಡಿಕೆಗೆ ಬಿತ್ತು. ಅದರಡಿಯಲ್ಲಿ ಹಳೆಯ ಮುರುಕು ಇದ್ದಂತೆಯೇ ಇತ್ತು, ಸ್ವಲ್ಪ ಒದ್ದೆಯಾಗಿ.

"ಹೋಯ್ತಾ?"

"ಹೋಯ್ತಪ್ಪ."

"ಕೆನ್ನೆ?"

"ಏನೂ ಆಗಿಲ್ಲ."

ಕೋದಂಡಾಚಾರಿ ಕಣ್ಣು ತೆರೆಯಲಿಲ್ಲ. ನೆತ್ತಿಯ ಮೇಲಿದ್ದ ಕೈ ತೆಗೆದು, ಮಡಿಲಲ್ಲಿ ತಡಕಾಡಿ, ಬಿದ್ದದ್ದನ್ನು ಮುಷ್ಟಿಯೊಳಗೆ ಮುಚ್ಚಿಕೊಂಡು ಹಾಗೇ ಕೂತ. ಇನ್ನೊಂದು ಕೈ ಆ ಮುಖದ ಗಲ್ಲವನ್ನು ಇನ್ನೂ ಬಿಟ್ಟಿರಲಿಲ್ಲ.